ನೀರು ಕುಡಿದ ಲೆಕ್ಕ

ಬೈತಕೋಲ ಧಕ್ಕೆಯ ಗೇಟಿಗೆ ಎರಡು ಕಿವಿ ಬಂದು
ಎರಡು ವರ್ಷವಾಯಿತು. ಬಿಳಿ, ಚಪ್ಪಟೆ,
ಎಡಕ್ಕೊಂದು ಬಲಕ್ಕೊಂದು.
ನಡುವೆ ಹಾಯುವ ನೀಲಿ ಕ್ರೇಟುಗಳ ಪಕ್ಕೆಯಲ್ಲಿ
ರಾಗಿಕಾಳಿಗಿಂತ ಸಣ್ಣ ಚಿಪ್ಪು,
ಅದರ ಸುತ್ತ ಕೂದಲೆಳೆಯ ಬೆಳ್ಳನೆ ಗೆರೆ.
ಬ್ಯಾಟರಿಯಿಲ್ಲ, ಸ್ವಂತದ ಉಸಿರಿಲ್ಲ.
ಕೂಗಿದವರ ಉಸಿರನ್ನೇ ಎಳೆದುಕೊಂಡು ಓಗೊಡುತ್ತದೆ:
ನಾನು ಇಷ್ಟನೆಯದು, ಇಲ್ಲಿದ್ದೇನೆ.
ಅಷ್ಟೇ ಅದಕ್ಕೆ ಬರುವ ಮಾತು.

ಆ ಮಾತನ್ನು ಕೂತು ಎಣಿಸುವುದು ನನ್ನ ಕೆಲಸ.
ಯಾವ ಬೋಟಿನ ಬಂಗಡೆ, ಎಷ್ಟು ಗಂಟೆಗೆ ಇಳಿಯಿತು,
ಯಾವ ಲಾರಿ ಹತ್ತಿತು, ಮಡಗಾಂವಕ್ಕೋ ಕೊಚ್ಚಿಗೋ,
ಖಾಲಿ ಕ್ರೇಟು ಮರಳಿತೋ ಇಲ್ಲವೋ.
ಹಿಂದೆ ಇದನ್ನೆಲ್ಲ ಪುತ್ತು ತಾಂಡೇಲ ಒಬ್ಬನೇ
ಸಿಗರೇಟು ಪಾಕೀಟಿನ ಒಳಮೈ ಮೇಲೆ ಗೀಚಿ
ಕಿವಿಗೆ ಪೆನ್ಸಿಲ್ಲು ಸಿಕ್ಕಿಸುತ್ತಿದ್ದ.
ಲೆಕ್ಕ ತಪ್ಪಿದರೆ ಬೈಗುಳ, ತಪ್ಪದಿದ್ದರೂ ಬೈಗುಳ.
ಈಗ ಪರದೆ ಬೈಯುವುದಿಲ್ಲ.
ಕೆಂಪಗಾಗುತ್ತದೆ.

ಸಾವಿರದ ಇನ್ನೂರ ಆರು ಕೆಂಪಗಾದದ್ದು ಆಗಸ್ಟಿನಲ್ಲಿ.
ಕೂರ್ಮಗಡದ ಆಚೆ ಅಲೆ ಹೊಡೆದು
ರಮಾಕಾಂತ ದುರ್ಗೇಕರನ ಬೋಟಿನಿಂದ
ಹನ್ನೊಂದು ಕ್ರೇಟು ನೀರಿಗೆ ಬಿದ್ದವು, ಹತ್ತು ಸಿಕ್ಕವು.
ಉಳಿದೊಂದನ್ನು ಕಳೆದ ಬಾಬತ್ತಿಗೆ ಬರೆದು
ಐನೂರ ನಲವತ್ತು ರೂಪಾಯಿ ಅವನ ಲೆಕ್ಕಕ್ಕೆ ಹಾಕಿ
ನಾನು ಮರೆತೆ.

ದಸರೆಯ ಮರುದಿನ, ಬೆಳಗಿನ ಐದೂ ಹನ್ನೆರಡಕ್ಕೆ
ಪರದೆಯ ಮೇಲೆ ಅದೇ ಸಂಖ್ಯೆ.
ಬೋಟಿಲ್ಲ, ಲಾರಿಯಿಲ್ಲ. ಒಳಗೆ ಬಂತು ಎಂದಿತು.
ಐದೂ ನಲವತ್ತಕ್ಕೆ ಹೊರಗೆ ಹೋಯಿತು ಎಂದಿತು.
ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ.
ಕಡಲು ನುಂಗಿದ್ದು ದಿನಾ ಬಂದು
ಹಾಜರಿ ಹಾಕಿ ಹೋಗುವುದೆಂದರೆ,
ಸುಳ್ಳೇಕೆ, ನನಗೆ ಮೈ ಜುಮ್ಮೆಂದಿತು.
ಐದನೆಯ ದಿನ ಕುರ್ಚಿ ಬಿಟ್ಟು ಎದ್ದೆ.

ಅಲಿಗದ್ದೆಯ ಶೆವಂತಿ ಹರಿಕಂತ್ರ.
ತಲೆಯ ಸಿಂಬಿಯ ಮೇಲೆ ನೀಲಿ ಕ್ರೇಟು,
ಅದರ ಅಂಚಿಗೆ ಹಳದಿ ಸೀರೆಯ ಚಿಂದಿ, ಎರಡು ಗಂಟು.
"ತವರಿಗೆ ಹೋದಾಗ ಮಾಜಾಳಿ ದಂಡೆಯಲ್ಲಿ ಬಿದ್ದಿತ್ತು, ಸಾಯ್ಬಾ.
ದರ್ಯಾನೇ ಕೊಟ್ಟದ್ದು. ಈಗ ನನ್ನದು, ಗಂಟು ನೋಡು.
ಅತ್ತೆಯ ಬುಟ್ಟಿಗೂ ಇದೇ ಗಂಟಿತ್ತು,
ಐವತ್ತು ಬುಟ್ಟಿ ನಡುವೆ ಕತ್ತಲಲ್ಲೂ ಬೆರಳಿಗೆ ಸಿಗ್ತಿತ್ತು."

ಇದರೊಳಗೆ ಕಂಪನಿಯದೂ ಒಂದು ಗಂಟಿದೆ ಎಂದೆ,
ಬೆರಳಿಗೆ ಸಿಗುವುದಿಲ್ಲ, ಗೇಟಿಗೆ ಸಿಗುತ್ತದೆ.
ಅವಳು ಗೇಟನ್ನು ಮೇಲಿಂದ ಕೆಳಗೆ ನೋಡಿದಳು,
ಹೆಣ್ಣು ನೋಡಲು ಬಂದವರ ಹಾಗೆ.
"ಮೀನು ತಾಜಾ ಹೌದೋ ಅಲ್ಲವೋ ಹೇಳ್ತದಾ?"
ಇಲ್ಲ.
"ಕಿವಿರು ಎತ್ತಿ ನೋಡ್ತದಾ?"
ಇಲ್ಲ.
"ಮತ್ತೆ?"

ಮೂರು ದಿನದ ತರಬೇತಿಯಲ್ಲಿ
ಆ 'ಮತ್ತೆ'ಗೆ ಉತ್ತರ ಕಲಿಸಿರಲಿಲ್ಲ.

ಇನ್ನೊಂದು ಕಲಿಸಿದ್ದರು. ಯಂತ್ರ ಕೂರಿಸಲು
ಹುಬ್ಬಳ್ಳಿಯಿಂದ ಬಂದ ಹುಡುಗ, ಚಹಾ ಕುಡಿಯುತ್ತ,
ಗುಟ್ಟು ಹೇಳುವವನ ಹಾಗೆ: ನೀರು ಈ ತರಂಗವನ್ನು ಕುಡಿದುಬಿಡುತ್ತದೆ, ಅಣ್ಣಾ.
ಕರಗಿದ ಬರ್ಫ ಚಿಪ್ಪಿನ ಮೇಲೆ ನಿಂತರೆ,
ಒದ್ದೆ ಅಂಗೈ ಅದನ್ನು ಮುಚ್ಚಿದರೆ,
ಕೂಗು ಮುಟ್ಟುವುದಿಲ್ಲ, ಓ ಬರುವುದಿಲ್ಲ.
ಕಡಲ ಮಗ್ಗುಲಲ್ಲಿ ನೆಟ್ಟ ಕಿವಿ, ನೀರಿಗೇ ಕಿವುಡು.

ಅದನ್ನು ನಾನು ಅವಳಿಗೆ ಹೇಳಲಿಲ್ಲ.
ಚಿಪ್ಪಿರುವ ಜಾಗ ಮುಟ್ಟಿ ತೋರಿಸಿದೆ ಅಷ್ಟೇ,
ಇದೇ ಆ ಗಂಟು ಎಂದು.
ಕ್ರೇಟು ಇಳಿಸಿಕೊಳ್ಳಬೇಕಿತ್ತು. ನಾಳೆ ನೋಡುವಾ ಎಂದೆ.

ಮರುದಿನ ಐದೂ ಹನ್ನೆರಡು.
ಹಳದಿ ಚಿಂದಿ ಗೇಟು ಹಾದಿತು.
ಒಂದು ಕೈ ಎತ್ತಿ ಕ್ರೇಟಿನ ಆ ಪಕ್ಕೆಯನ್ನೇ ಹಿಡಿದಿದ್ದಳು,
ಎಲ್ಲಿ ಅದ್ದಿ ಬಂದಳೋ, ನೀರು ಮೊಣಕೈವರೆಗೆ ಇಳಿದು ತೊಟ್ಟಿಕ್ಕುತ್ತಿತ್ತು.
ಖಾಲಿ ಕ್ರೇಟಿಗೆ ಯಾರೂ ಕೈ ಕೊಡುವುದಿಲ್ಲ,
ಅದು ಸಿಂಬಿಯ ಮೇಲೆ ತಾನೇ ನಿಲ್ಲುತ್ತದೆ.
ನನ್ನ ಕಡೆ ತಿರುಗಲಿಲ್ಲ.
ಪರದೆ ಏನೂ ಅನ್ನಲಿಲ್ಲ.

ಕಳೆದ ಬಾಬತ್ತಿನ ಸಾಲು ಹಾಗೇ ಇದೆ, ಸರಿಯಾಗಿದೆ.
ದುರ್ಗೇಕರ ಸಿಕ್ಕಾಗಲೆಲ್ಲ ನಮಸ್ಕಾರ ಹೇಳುತ್ತಾನೆ,
ನಾನು ಕಾಗದದಲ್ಲಿ ತಲೆ ಹುದುಗಿಸುತ್ತೇನೆ.
ಅವನ ಆ ಐನೂರ ನಲವತ್ತು
ಯಾರೂ ಕೂಗದಿದ್ದರೂ ಓಗೊಡುತ್ತದೆ.